ಮಾವನ ಗಡ್ಡಕ್ಕೊಂದು ಸೋಪು

ಒಂದೇ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ನಿಂತು, ದಿನಕ್ಕೆ ಹತ್ತು ಸಲ ತನ್ನ ಕೈ ಮೇಲೆ ತಾನೇ ಸೋಪಿನ ನೊರೆ ಎಬ್ಬಿಸಿ ತೋರಿಸುವ ಮನುಷ್ಯನನ್ನು ಜನ ನೊರೆರಾಯರು ಅಂತ ಕರೆದರೆ ಅದರಲ್ಲಿ ಜನರ ತಪ್ಪೇನಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಸಂಬಳದ ದಿನ ಒಮ್ಮೆ ಹೊರಗೆ ಬಂದು, ಸಹಿ ಹಾಕಿಸಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು. ಉಳಿದ ದಿನ ಅವರು ನೊರೆರಾಯರೇ.

ಅಂಗಡಿ ದೊಡ್ಡದು. ಬಲಗಡೆ ಹೆಂಗಸರ ಸಾಮಾನು, ನಡುವೆ ಬಾಚಣಿಗೆ, ಎಣ್ಣೆ, ಟೂತ್‌ಪೇಸ್ಟು. ಎಡಗಡೆಯ ಮೂಲೆಯ ಕೌಂಟರು ಮಾತ್ರ ಗಂಡಸರ ಗಲ್ಲಕ್ಕೆ ಮೀಸಲು. ಟ್ಯೂಬಿನ ಕ್ರೀಮುಗಳು, ಬಟ್ಟಲಿನ ದುಂಡು ಸೋಪುಗಳು, ಕೆನ್ನೆಗೆ ನೇರವಾಗಿ ಉಜ್ಜಿಕೊಳ್ಳುವ ಕಡ್ಡಿ ಸೋಪುಗಳು, ಬ್ರಷ್ಷು, ರೇಜರು, ಬ್ಲೇಡು, ಕೊಯ್ದುಕೊಂಡರೆ ರಕ್ತ ನಿಲ್ಲಿಸಲು ಪಟಿಕ. ಗಿರಾಕಿ ಬಂದು "ಒಂದು ಶೇವಿಂಗ್ ಕ್ರೀಮ್ ಕೊಡಿ" ಅಂದರೆ ನೊರೆರಾಯರು ಕೊಡುತ್ತಿರಲಿಲ್ಲ. ಡಾಕ್ಟರು ಮಾತ್ರೆ ಬರೆಯುವ ಮುಂಚೆ ನಾಲಿಗೆ ನೋಡುವ ಹಾಗೆ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದರು. ಮನೆಯ ನೀರು ಗಡಸೋ ಮೆದುವೋ? ಗಡ್ಡ ಸ್ನಾನಕ್ಕೆ ಮುಂಚೆಯೋ ಆಮೇಲೋ? ಬೆಳಿಗ್ಗೆ ಎಷ್ಟು ನಿಮಿಷ ಪುರಸೊತ್ತು? ಗಡಸು ನೀರಿನವರಿಗೆ ಕ್ರೀಮು, ಯಾಕೆಂದರೆ ಆ ನೀರಿನಲ್ಲಿ ದುಂಡು ಸೋಪು ಒಡೆದ ಹಾಲಿನ ಹಾಗೆ ಆಗಿಬಿಡುತ್ತದೆ. ಮೆದು ನೀರು, ಹದಿನೈದು ನಿಮಿಷ ಪುರಸೊತ್ತು ಎರಡೂ ಇದ್ದ ಭಾಗ್ಯವಂತರಿಗೆ ಸೋಪು. ಪುರಸೊತ್ತೇ ಇಲ್ಲ ಅಂದವರಿಗೆ ಕಡ್ಡಿ ಸೋಪು, ಜೊತೆಗೊಂದು ಕನಿಕರದ ನೋಟ.

ಆಮೇಲೆ ಪ್ರಾತ್ಯಕ್ಷಿಕೆ. ಎಡಗೈ ಅಂಗಿಯ ತೋಳು ಮೇಲೆ ಮಡಚಿ, ಮುಂಗೈ ಮೇಲೆ ಒದ್ದೆ ಬ್ರಷ್ಷು ಆಡಿಸಿ, ನೊರೆ ಎಬ್ಬಿಸಿ, "ನೋಡಿ, ಬೆರಳು ಎತ್ತಿದರೆ ನೊರೆಯ ತುದಿ ಬಾಗಬೇಕು, ಬೀಳಬಾರದು" ಅನ್ನುತ್ತಿದ್ದರು. ಮೂವತ್ತೊಂದು ವರ್ಷದ ನೊರೆ ಕುಡಿದ ಆ ಎಡಗೈ ಬಲಗೈಗಿಂತ ಹತ್ತು ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ಹೀಗೆ ತೋರಿಸಿ ತೋರಿಸಿ ಸವೆದ ಸೋಪಿನ ತುಂಡುಗಳು, ಅರ್ಧ ಒತ್ತಿದ ಟ್ಯೂಬುಗಳು ಮಾರಾಟಕ್ಕೆ ಬರುವಂಥವಲ್ಲ. ಅವನ್ನು ವಾರಕ್ಕೊಮ್ಮೆ ಕಾಗದದಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು. ಹೆಂಡತಿ ತರಲು ಹೇಳಿದ್ದಳು. ಯಾಕೆ ಅಂತ ಇವರು ಕೇಳಿರಲಿಲ್ಲ. ನೆಲ ಒರೆಸುವ ಬಟ್ಟೆ ತೊಳೆಯುವುದಕ್ಕೆ ಇರಬೇಕು ಅಂದುಕೊಂಡಿದ್ದರು.

ಈ ಕಸುಬಿನಲ್ಲಿ ನೊರೆರಾಯರದ್ದೊಂದು ಕಟ್ಟಪ್ಪಣೆ ಇತ್ತು. ಕ್ರೀಮು ಬೇರೆ, ಸೋಪು ಬೇರೆ. ಒಂದಕ್ಕೆ ಇನ್ನೊಂದು ಬೆರೆಸಕೂಡದು. ಚಂದನದ ವಾಸನೆಯ ಸೋಪಿಗೆ ನಿಂಬೆಯ ಕ್ರೀಮು ತಾಗಿಸುವುದಂತೂ ಅವರ ಕಾನೂನಿನಲ್ಲಿ ಜಾಮೀನಿಲ್ಲದ ಅಪರಾಧ. ಒಮ್ಮೆ ಒಬ್ಬ ಗಿರಾಕಿ, ಪಾಪ, ಮಿಕ್ಕ ಸೋಪಿನ ಮೇಲೆ ಸ್ವಲ್ಪ ಕ್ರೀಮು ಹಿಂಡಿಕೊಳ್ಳುತ್ತೇನೆ ಅಂತ ಬಾಯಿಬಿಟ್ಟಿದ್ದ. ಅವನಿಗೆ ಅಂಗಡಿಯಲ್ಲಿ ಕಾಲು ಗಂಟೆ ಪಾಠವಾಯಿತು. ಅದು ಸಾಲದೆ ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿಗೂ ಮಾವನಿಗೂ ಅದೇ ಪಾಠವಾಯಿತು. ಹೆಂಡತಿ ಬಡಿಸುತ್ತಾ, "ಹೌದಾ, ಅಂಥವರೂ ಇರ್ತಾರಾ?" ಅಂದಿದ್ದಳು. ಮಾವ ಜೋರಾಗಿ ಕೆಮ್ಮಿದ್ದರು. ಇದಾಗಿ ಎಷ್ಟೋ ವರ್ಷವಾಯಿತು.

ಹೆಂಡತಿ ಹೋಗಿ ನಾಲ್ಕು ತಿಂಗಳು. ಹೊಟ್ಟೆನೋವು ಅಂತ ಒಂದು ಬೆಳಿಗ್ಗೆ ಆಸ್ಪತ್ರೆಗೆ ತಾನೇ ನಡೆದುಕೊಂಡು ಹೋದವಳು ಎಂಟನೆಯ ದಿನ ತೀರಿಕೊಂಡಳು. ನೊರೆರಾಯರು ಅಳಲಿಲ್ಲ. ಮಾತಾಡಿಸಲು ಬಂದವರು ಸಮಾಧಾನದ ಮಾತುಗಳನ್ನು ಸಿದ್ಧಮಾಡಿಕೊಂಡೇ ಬಂದಿದ್ದರು. ಹೇಳುವುದಕ್ಕೆ ಜಾಗ ಸಿಗದೆ ಹಾಗೇ ವಾಪಸು ಒಯ್ದರು. ಇವರಿಗೂ ಸ್ವಲ್ಪ ಸಂಕೋಚವಾಯಿತು. ಗಿರಾಕಿ ಕೇಳಿದ ಮಾಲು ಕಪಾಟಿನಲ್ಲಿ ಇಲ್ಲದಿದ್ದಾಗ ಆಗುವಂಥ ಸಂಕೋಚ. ಬರುತ್ತದೆ, ಮುಂದಿನ ವಾರ ಬರುತ್ತದೆ ಅಂತ ತಮಗೆ ತಾವೇ ಹೇಳಿಕೊಂಡರು. ಬರಲಿಲ್ಲ. ಹದಿನಾಲ್ಕನೆಯ ದಿನಕ್ಕೆ ಅಂಗಡಿಗೆ ಹೋದರು. ಬೆಳಿಗ್ಗೆ ಎದ್ದರೆ ಎದ್ದರು, ತಿಂದರೆ ತಿಂದರು. ತಟ್ಟೆಯಲ್ಲಿ ಏನಿತ್ತು ಅಂತ ಕೈ ತೊಳೆಯುವಾಗ ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಅಂಗಡಿಯಲ್ಲೂ ಹಾಗೇ. ಮೂರು ಪ್ರಶ್ನೆ ನಿಂತುಹೋದವು. ಕೈ ಮಡಚುವುದು, ನೊರೆ ಎಬ್ಬಿಸುವುದು ಮಾತ್ರ ಅಭ್ಯಾಸಬಲದಿಂದ ನಡೆಯುತ್ತಿತ್ತು, ಮಾತಿಲ್ಲದೆ.

"ನಂದು ಸ್ವಲ್ಪ ನಾಜೂಕು ಚರ್ಮ," ಅಂದ ಒಬ್ಬ ಹಳೆಯ ಗಿರಾಕಿ. "ಯಾವುದು ಒಳ್ಳೇದು?"

ನೊರೆರಾಯರು ಒಂದು ಪೆಟ್ಟಿಗೆ ತೆಗೆದು, ತಿರುಗಿಸಿ, ಓದಿದರು. "ನಾಜೂಕು ಚರ್ಮಕ್ಕೆ ಒಳ್ಳೇದು ಅಂತ ಬರೆದಿದೆ."

"ಓದೋಕೆ ನನಗೂ ಬರುತ್ತಲ್ಲ ರಾಯರೇ."

"ಹೌದು," ಅಂದರು ನೊರೆರಾಯರು, ಒಪ್ಪಿಕೊಳ್ಳುವ ಹಾಗೆ.

ಇನ್ನು ಮನೆ. ಎರಡು ಕೋಣೆ, ಒಂದು ಹಜಾರ, ಹಜಾರದಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಮಾವ. ಹೆಂಡತಿಯ ಅಪ್ಪ. ಎಂಬತ್ನಾಲ್ಕು ವರ್ಷ. ರೈಲಿನಲ್ಲಿ ಟಿಕೆಟು ತಪಾಸಣೆ ಮಾಡಿ ನಿವೃತ್ತರಾದವರು. ಮಗಳ ಮನೆಗೆ ಬಂದು ಹನ್ನೆರಡು ವರ್ಷವಾದರೂ ಯಾರಾದರೂ ಬಾಗಿಲು ತಳ್ಳಿಕೊಂಡು ಒಳಗೆ ಬಂದರೆ ಇವರ ಬಲಗೈ ತಾನಾಗಿ ಅರ್ಧ ಮುಂದೆ ಚಾಚುತ್ತಿತ್ತು. ಆ ಕೈಗೆ ಆರು ವರ್ಷದಿಂದ ನಡುಕ. ನಡುಕ ಶುರುವಾದಾಗಿನಿಂದ ಅವರ ಗಡ್ಡ ಹೆರೆಯುತ್ತಿದ್ದವಳು ಮಗಳೇ, ದಿನ ಬಿಟ್ಟು ದಿನ, ಬೆಳಿಗ್ಗೆ ಹತ್ತು ಗಂಟೆಗೆ. ಆ ಹೊತ್ತಿಗೆ ನೊರೆರಾಯರು ಅಂಗಡಿಯಲ್ಲಿ ಇನ್ಯಾರದೋ ಗಡ್ಡದ ಚಿಂತೆಯಲ್ಲಿರುತ್ತಿದ್ದರು. ಸಂಜೆ ಬಂದಾಗ ಮಾವನ ಕೆನ್ನೆ ನುಣ್ಣಗಿರುತ್ತಿತ್ತು. ಅದನ್ನು ಇವರು ಗೋಡೆಯ ಸುಣ್ಣ ನೋಡಿದಷ್ಟು ಗಮನವಿಟ್ಟು ನೋಡಿದ್ದರು.

ಮಗಳು ಹೋದ ಮೇಲೆ ಆ ಕೆಲಸ ಯಾರದ್ದೂ ಅಲ್ಲದ್ದಾಯಿತು. ಎರಡನೆಯ ವಾರ ಕ್ಷೌರದಂಗಡಿಯವನನ್ನು ಮನೆಗೆ ಕರೆಸಿದರು. ಮಾವ ಮುಖವನ್ನು ಗೋಡೆ ಕಡೆ ತಿರುಗಿಸಿ ಕೂತರು. ಅವನು ಆ ಕಡೆ ಹೋದರೆ ಇವರು ಈ ಕಡೆ. "ನನ್ನ ಸೀಟು ರಿಸರ್ವ್ ಆಗಿದೆ," ಅಂದರಂತೆ. ಅವನು ಪೆಟ್ಟಿಗೆ ಮುಚ್ಚಿಕೊಂಡು ಹೋದ. ಗಡ್ಡ ಬೆಳೆಯಿತು. ಅಳಿಯ ಮಾವ ಒಂದೇ ಸೂರಿನಡಿ, ಬೀಗ ಹಾಕಿದ ಎರಡು ಪೆಟ್ಟಿಗೆಗಳ ಹಾಗೆ, ತಿಂಗಳುಗಳನ್ನು ಕಳೆದರು.

ಹೋದ ಭಾನುವಾರ ಭಾವಮೈದುನ ಬಂದ, ಹೆಂಡತಿಯ ತಮ್ಮ. ಒಳ್ಳೆಯವನೇ, ಆದರೆ ಮಾತಿಗೆ ಮುಂಚೆ ಕಾರಿನ ಕೀಲಿ ಮೇಜಿನ ಮೇಲೆ ಇಡುವ ಜಾತಿ. ಅಪ್ಪನ ಗಡ್ಡ ನೋಡಿ ಭಾವನ ಕಡೆ ತಿರುಗಿದ.

"ಭಾವ, ಅಂಗಡಿ ತುಂಬ ಶೇವಿಂಗ್ ಸೋಪು ಇಟ್ಕೊಂಡು ಮನೇಲಿ ಅಪ್ಪನ್ನ ಹೀಗೆ ಕೂರಿಸಿದೀರಲ್ಲ."

"ಅವರು ಮಾಡಿಸ್ಕೊಳ್ಳೋದಿಲ್ಲ."

"ಅಕ್ಕನ ಹತ್ರ ಮಾಡಿಸ್ಕೊಳ್ತಿದ್ರಲ್ಲ."

ನೊರೆರಾಯರು ಮೇಜಿನ ಮೇಲಿನ ಕೀಲಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ನಿಮ್ಮನ್ನ ಬೈತಿಲ್ಲ ಭಾವ. ನಿಮಗೇ ನೀವು ಭಾರ ಆಗಿದೀರಿ, ಕಾಣುತ್ತೆ. ಮುಂದಿನ ಭಾನುವಾರ ಬರ್ತೀನಿ. ಇವರು ಹೀಗೇ ಇದ್ರೆ ಕರ್ಕೊಂಡು ಹೋಗ್ತೀನಿ. ನಮ್ಮನೇಲಿ ಒಂದು ಕೋಣೆ ಇದೆ, ಆಳು ಇಟ್ರಾಯ್ತು."

ಮಾವ ತಮ್ಮ ವಿಷಯವಲ್ಲ ಅನ್ನುವ ಹಾಗೆ ಕಿಟಕಿ ನೋಡುತ್ತಿದ್ದರು. ಭಾವಮೈದುನ ಹೋದ ಮೇಲೆ ನೊರೆರಾಯರು ತಮ್ಮ ಕುರ್ಚಿಯಲ್ಲಿ ಕೂತರು. ಮಾವನ ಕೋಲು ನೆಲಕ್ಕೆ ತಾಗುವ ಸದ್ದು, ಕೆಮ್ಮು, ಬೆತ್ತದ ಕುರ್ಚಿಯ ಕಿರಕಿರ. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ಹುಟ್ಟಿದ ಸದ್ದೆಲ್ಲ ಇಷ್ಟೇ ಅಂತ ಅವರಿಗೆ ಆಗ ಹೊಳೆಯಿತು. ಇದೂ ಕಾರು ಹತ್ತಿ ಹೋದರೆ? ಹೋಗಬಾರದು ಅನ್ನಿಸಿತು. ಯಾಕೆ ಅಂತ ಗೊತ್ತಾಗಲಿಲ್ಲ. ನಾಲ್ಕು ತಿಂಗಳಲ್ಲಿ ಅವರಿಗೆ ಹಾಗೆ ಏನಾದರೂ ಅನ್ನಿಸಿದ್ದು ಅದೊಂದೇ ಆದ್ದರಿಂದ ಅದನ್ನು ಹಿಡಿದುಕೊಂಡರು.

ಬಚ್ಚಲಿನ ಗೂಡಿನಲ್ಲಿ, ತಮ್ಮ ಶೇವಿಂಗ್ ಸಾಮಾನಿನ ಪಕ್ಕ, ಮಾವನದ್ದನ್ನು ಹುಡುಕಿದರು. ಬ್ರಷ್ಷಿತ್ತು, ತುದಿ ಒಂದು ಕಡೆ ವಾಲಿದ್ದು. ರೇಜರಿತ್ತು, ಬ್ಲೇಡಿತ್ತು. ಸೋಪು ಇರಲಿಲ್ಲ, ಕ್ರೀಮೂ ಇರಲಿಲ್ಲ. ಊರಿಗೆಲ್ಲ ಸೋಪು ಆರಿಸಿ ಕೊಟ್ಟ ಮನುಷ್ಯನಿಗೆ ತನ್ನ ಮನೆಯಲ್ಲಿ ಆರು ವರ್ಷ ಯಾವ ಸೋಪಿನಿಂದ ಗಡ್ಡ ಹೆರೆಯಲಾಗುತ್ತಿತ್ತು ಅನ್ನುವುದು ಗೊತ್ತಿಲ್ಲ.

"ಮಾವ, ಅವಳು ನಿಮಗೆ ಯಾವ ಸೋಪು ಹಚ್ತಿದ್ಳು?"

ಮಾವ ಇವರ ಕಡೆ ತಿರುಗಿದರು. "ನೀವು ಸೋಪಿನ ಅಂಗಡಿಯಲ್ಲಿರೋರು ಅಳಿಯಂದಿರೇ," ಅಂದರು. "ನಾನು ರೈಲಿನಲ್ಲಿದ್ದೋನು."

ಸೋಮವಾರ ಸಂಜೆ ನೊರೆರಾಯರು ಚಂದನದ ದುಂಡು ಸೋಪು ತಂದರು. ಅಂಗಡಿಯಲ್ಲಿ ಹಿರಿಯರಿಗೆಲ್ಲ ಅದನ್ನೇ ಕೊಡುವುದು. ಮಾವ ಅದನ್ನು ನಡುಗುವ ಕೈಯಲ್ಲಿ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿ, ವಾಪಸು ಕೊಟ್ಟರು.

"ಇದು ನಡೆಯೋದಿಲ್ಲ."

"ಯಾಕೆ ಮಾವ?"

"ಇದು ಅಲ್ಲ."

ಮಂಗಳವಾರ ಮೆಂಥಾಲಿನ ಕ್ರೀಮು. ಅದರ ಮುಚ್ಚಳ ತೆಗೆಯುವ ಮುಂಚೆಯೇ ವಾಪಸು. ಬುಧವಾರ ನಿಂಬೆಯದರಿಂದ ಸ್ವಲ್ಪ ಆಸೆ ಹುಟ್ಟಿತು. ಮಾವ ಎರಡು ಸಲ ಮೂಸಿದರು. "ಇದರ ಕಡೆಯೋರು ಯಾರೋ ಇದ್ದಾರೆ," ಅಂದರು, "ಆದರೆ ಇದಲ್ಲ." ಹಾಗಂದರೆ ಏನು ಅಂತ ನೊರೆರಾಯರಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ನಿಂಬೆಯ ಬೇರೆ ಮೂರು ಬಗೆ, ವಾಸನೆಯೇ ಇಲ್ಲದ ಒಂದು ವಿದೇಶಿ ಟ್ಯೂಬು, ಗ್ಲಿಸರಿನ್ನಿನ ಪಾರದರ್ಶಕ ಬಿಲ್ಲೆ ಒಂದೊಂದಾಗಿ ಬಂದವು, ಒಂದೊಂದಾಗಿ ಇಳಿದುಹೋದವು. ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ ಅವೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು.

ಮಾವನ ನೀರು ಗಡಸೋ ಮೆದುವೋ ಅಂತ ನೊರೆರಾಯರು ಯೋಚಿಸಿದರು. ತಮ್ಮದೇ ಮನೆಯ ನಲ್ಲಿಯ ನೀರು. ಕೊಂಚ ಗಡಸು. ಹಾಗಿದ್ದರೆ ಕ್ರೀಮೇ ಇರಬೇಕು. ಆದರೆ ಬ್ರಷ್ಷಿನ ಬುಡದಲ್ಲಿ ಗಟ್ಟಿ ಸೋಪಿನ ಬಿಳಿ ಕಟ್ಟಿಕೊಂಡಿತ್ತು. ಹಾಗಿದ್ದರೆ ಸೋಪೇ ಇರಬೇಕು. ಎರಡೂ ಹೇಗೆ ಇರಲು ಸಾಧ್ಯ ಅಂತ ಅವರ ತಲೆ ಅಲ್ಲಿಗೇ ನಿಲ್ಲುತ್ತಿತ್ತು. ಮೂವತ್ತೊಂದು ವರ್ಷದ ಕಾನೂನು ಅವರನ್ನು ಅದರಾಚೆ ಬಿಡಲಿಲ್ಲ. ಎದ್ದು ಚಹಾ ಮಾಡಿ ತಮ್ಮ ಲೋಟಕ್ಕೆ ಸುರಿದುಕೊಂಡರು. ಆ ಲೋಟ ಸ್ಟೀಲಿನದು, ಅಂಚು ಒಂದು ಕಡೆ ಸೊಟ್ಟಗಾದದ್ದು. ಅಡುಗೆಮನೆಯಲ್ಲಿ ಮೊದಲು ಕೈಗೆ ಸಿಗುವುದು ಅದೇ ಅಂತ ನಾಲ್ಕು ತಿಂಗಳಿಂದ ಅದರಲ್ಲೇ ಕುಡಿಯುತ್ತಿದ್ದರು. ಚಹಾಕ್ಕೆ ಏನೋ ಒಂದು ವಾಸನೆ ಇರುತ್ತಿತ್ತು. ಪುಡಿ ಹಳೆಯದಾಗಿರಬೇಕು. ಮಾವ ಬೆತ್ತದ ಕುರ್ಚಿಯಿಂದ ಆ ಲೋಟವನ್ನೂ ಇವರ ಬಾಯನ್ನೂ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಬಿಲ್ಲು ಬರೆಯುವ ಹೆಂಗಸು ಎಡಗಡೆಯ ಕೌಂಟರಿಗೆ ಬಂದಳು. ನೊರೆರಾಯರಿಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಬೈಯುವ ಅಧಿಕಾರ ಅವಳಿಗೇ ಇದ್ದದ್ದರಿಂದ ಎಲ್ಲರೂ ಅಕ್ಕ ಅನ್ನುತ್ತಿದ್ದರು.

"ರಾಯರೇ, ನಿಮ್ಮ ಕೆಳಗಿನ ಡ್ರಾಯರು ಖಾಲಿ ಮಾಡಿ. ಪೆನ್ನು ಹುಡುಕೋಕೆ ಅಂತ ತೆಗೆದೆ. ಹತ್ತು ಜನ ಗಂಡಸರು ಒಟ್ಟಿಗೆ ಸ್ನಾನ ಮಾಡಿ ಮುಖಕ್ಕೆ ಬಂದು ನಿಂತ ಹಾಗಾಯ್ತು."

"ಸವೆದ ತುಂಡುಗಳು ಅಕ್ಕ."

"ಮುಂಚೆ ವಾರ ವಾರ ಮನೆಗೆ ಒಯ್ತಿದ್ರಿ. ಈಗ್ಯಾಕೆ ಇಲ್ಲೇ ಸಂಸಾರ ಹೂಡಿಸಿದೀರಿ?"

"ತನ್ನಿ ಅಂತ ಹೇಳೋರಿಲ್ಲ."

ಅಕ್ಕ ತನ್ನ ಮೇಜಿಗೆ ವಾಪಸು ಹೋದಳು. ಆಮೇಲೆ ಒಂದು ಕಾಗದದ ಚೀಲ ತಂದು, ತಾನೇ ಬಗ್ಗಿ ಎಲ್ಲವನ್ನೂ ಬಾಚಿ ತುಂಬಿದಳು. "ಒಯ್ದು ದಾರೀಲಿ ಎಲ್ಲಾದ್ರೂ ಬಿಸಾಕಿ. ನಾನು ಬಿಸಾಕಿದ್ರೆ ನಿಮಗೆ ಬೇಜಾರಾಗುತ್ತೆ."

ಬೇಜಾರಾಗುತ್ತಿತ್ತೋ ಇಲ್ಲವೋ ನೊರೆರಾಯರಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಎರಡು ಕಸದ ತೊಟ್ಟಿ ಸಿಕ್ಕವು. ಮೊದಲನೆಯದು ತುಂಬಿತ್ತು, ಎರಡನೆಯದು ಮರೆತುಹೋಯಿತು. ಚೀಲದ ಸಮೇತ ಮನೆಗೆ ಬಂದು, ಅದನ್ನು ಹಜಾರದ ಮೇಜಿನ ಮೇಲಿಟ್ಟು, ಚಪ್ಪಲಿ ಬಿಚ್ಚಲು ಬಗ್ಗಿದರು. ಏಳುವಾಗ ನೋಡುತ್ತಾರೆ, ಮಾವ ಕಣ್ಣು ಮುಚ್ಚಿ, ಗಲ್ಲ ಮೇಲಕ್ಕೆತ್ತಿ, ಕುತ್ತಿಗೆ ಚಾಚಿ ಕೂತಿದ್ದಾರೆ.

"ಮಾವ? ಕುತ್ತಿಗೆ ನೋವಾ?"

"ಇಲ್ಲ."

ಗಲ್ಲ ಇಳಿಯಲಿಲ್ಲ. ನೊರೆರಾಯರು ಒಮ್ಮೆ ಗಲ್ಲವನ್ನು, ಒಮ್ಮೆ ಚೀಲವನ್ನು ನೋಡಿದರು. ಚೀಲದ ಬಾಯಿ ತೆರೆದಿತ್ತು. ಚಂದನ, ನಿಂಬೆ, ಮೆಂಥಾಲು, ಇನ್ನೇನೇನೋ. ಒಂದೊಂದೂ ಅವರಿಗೆ ಗೊತ್ತಿದ್ದ ವಾಸನೆಯೇ. ಎಲ್ಲ ಸೇರಿದಾಗ ಅದು ಹೆಂಡತಿಯ ಸೆರಗಿನಲ್ಲಿ ಇರುತ್ತಿದ್ದ ವಾಸನೆ. ಅದು ಅವಳದ್ದೇ ಅಂತ ಅವರು ಅಂದುಕೊಂಡಿದ್ದರು.

"ಎಲ್ಲಾನೂ ಬೆರೆಸ್ತಿದ್ಳಾ?" ಅಂತ ಕೇಳಿದರು.

ಮಾವ ಕಣ್ಣು ತೆರೆಯಲಿಲ್ಲ. "ಹೇಳಬೇಡ ಅಂದಿದ್ಳು. ಅವರಿಗೆ ಗೊತ್ತಾದ್ರೆ ಊಟದ ಹೊತ್ತಿಗೆ ಪಾಠ ಮಾಡ್ತಾರಪ್ಪ, ಅಂತ. ನಾನು ಹೇಳಲಿಲ್ಲ. ನೀವೇ ಕಂಡುಹಿಡಿದ್ರಿ. ಅದಕ್ಕೆ ನಾನು ಜವಾಬ್ದಾರ ಅಲ್ಲ."

"ಇಷ್ಟು ದಿನ ಸುಮ್ನಿದ್ರಲ್ಲ ಮಾವ. ನಾಳೆ ನಿಮ್ಮನ್ನ ಕರ್ಕೊಂಡು ಹೋಗ್ತಾರೆ."

"ಮಾತು ಕೊಟ್ಟಿದ್ದೆ."

ನೊರೆರಾಯರು ಚೀಲ ಕೈಗೆತ್ತಿಕೊಂಡರು. "ಅದನ್ನ ಹೇಗೆ ಮಾಡ್ತಿದ್ಳು?"

"ಬಿಸಿ ನೀರು ಇಡಿ. ಆ ಲೋಟ ತನ್ನಿ."

"ಯಾವ ಲೋಟ?"

"ನೀವು ನಾಲ್ಕು ತಿಂಗಳಿಂದ ಚಹಾ ಕುಡೀತಿರೋ ಲೋಟ."

ನೊರೆರಾಯರು ಅಡುಗೆಮನೆಗೆ ಹೋಗಿ ಲೋಟ ತೆಗೆದು, ಜೀವಮಾನದಲ್ಲಿ ಮೊದಲ ಸಲ ಅದನ್ನು ಮೂಸಿದರು. ಸೊಟ್ಟಗಾದ ಅಂಚಿನ ಮಡಿಕೆಯೊಳಗೆ ಎಷ್ಟು ಉಜ್ಜಿದರೂ ಬಾರದ ಬಿಳಿ ಗೆರೆಯೊಂದು ಕೂತಿತ್ತು. ಚಹಾಪುಡಿ ಹಳೆಯದಾಗಿರಲಿಲ್ಲ.

ಮಾವ ಕುರ್ಚಿಯಿಂದಲೇ ಒಂದೊಂದೇ ಹೇಳಿದರು, ಇವರು ಮಾಡಿದರು. ತುಂಡುಗಳನ್ನು ಚಾಕುವಿನಿಂದ ತುರಿದು ಲೋಟಕ್ಕೆ ಹಾಕುವುದು. ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುವುದು. ಕರಗಿದ ಮೇಲೆ ಕೈಗೆ ಸಿಕ್ಕ ಟ್ಯೂಬಿನಿಂದ ಒಂದಿಷ್ಟು ಕ್ರೀಮು ಹಿಂಡಿ, ಬ್ರಷ್ಷಿನ ಹಿಡಿಯಿಂದ ತಿರುವುವುದು. ಟ್ಯೂಬು ಹಿಂಡುವ ಹೊತ್ತಿಗೆ ನೊರೆರಾಯರ ಕೈ ಒಂದು ಕ್ಷಣ ತಡೆಯಿತು.

"ಹಿಂಡಿ," ಅಂದರು ಮಾವ. "ಯಾರೂ ನೋಡ್ತಿಲ್ಲ."

ಯಾವ ಬಣ್ಣವೂ ಅಲ್ಲದ, ಯಾವ ಕಂಪನಿಯದೂ ಅಲ್ಲದ ನೊರೆ ಎದ್ದಿತು. ಬೆರಳು ಎತ್ತಿದರು. ತುದಿ ಬಾಗಿತು, ಬೀಳಲಿಲ್ಲ. ಕೊಂಚ ಗಡಸು ನೀರಿಗೆ, ಎಂಬತ್ನಾಲ್ಕರ ತೆಳು ಚರ್ಮಕ್ಕೆ, ಹದಿನೈದು ನಿಮಿಷದ ಪುರಸೊತ್ತಿಗೆ ಕೌಂಟರಿನಲ್ಲಿ ಇದಕ್ಕಿಂತ ಒಳ್ಳೆಯದು ಇರಲಿಲ್ಲ. ಅದನ್ನು ಅವರ ಕಸುಬು ಒಪ್ಪಿಕೊಂಡಿತು.

ಇನ್ನೊಬ್ಬರ ಮುಖ ಅವರು ಎಂದೂ ಹೆರೆದವರಲ್ಲ. ಕತ್ತರಿಯಿಂದ ಉದ್ದ ಕೂದಲು ಕತ್ತರಿಸಿ, ನೊರೆ ಹಚ್ಚಿ, ಎಡಗೈಯಲ್ಲಿ ಮಾವನ ಕೆನ್ನೆ ಹಿಡಿದರು. ಬೆಚ್ಚಗಿತ್ತು. ಆಸ್ಪತ್ರೆಯ ಆ ದಿನದ ನಂತರ ಅವರ ಕೈ ಯಾರ ಮುಖವನ್ನೂ ಮುಟ್ಟಿರಲಿಲ್ಲ. ಈಗ ಅಳು ಬರುತ್ತದೇನೋ ಅಂತ ಸ್ವಲ್ಪ ಕಾದರು. ಬರಲಿಲ್ಲ. ನೊರೆ ಆರಿದರೆ ಕೆಲಸ ಕೆಡುತ್ತದೆ ಅಂತ ರೇಜರು ಎತ್ತಿದರು.

"ಮೇಲಿಂದ ಕೆಳಗೆ," ಅಂದರು ಮಾವ. "ನನ್ನ ಮಗಳು ಮೂಗಿನ ಕೆಳಗೆ ಬಂದಾಗ ಉಸಿರು ಹಿಡೀತಿದ್ಳು. ನೀವೂ ಹಿಡೀರಿ."

ಹಿಡಿದರು. ಆದರೂ ಗಲ್ಲದ ಹತ್ತಿರ ಎರಡು ಕಡೆ ಕೊಯ್ಯಿತು. ಪಟಿಕ ಒತ್ತಿದರು. ಮಾವ ಹಲ್ಲು ಕಚ್ಚಿಕೊಂಡು, "ಅವಳೂ ಮೊದಲ ದಿನ ಮೂರು ಕಡೆ ಕೊಯ್ದಿದ್ಳು," ಅಂದರು. "ನೀವು ಪರವಾಗಿಲ್ಲ."

ಭಾನುವಾರ ಹತ್ತು ಗಂಟೆಗೆ ಭಾವಮೈದುನ ಬಂದ. ಕೈಯಲ್ಲಿ ಬಟ್ಟೆ ತುಂಬಲು ಖಾಲಿ ಬ್ಯಾಗು. ಕೀಲಿ ಮೇಜಿನ ಮೇಲಿಟ್ಟು, ಅಪ್ಪನ ಮುಂದೆ ಬಗ್ಗಿ, ಬೆರಳಿನ ಹಿಂಭಾಗದಿಂದ ಕೆನ್ನೆ ಸವರಿ ನೋಡಿದ. ಆಮೇಲೆ ಇನ್ನೂ ಸ್ವಲ್ಪ ಬಗ್ಗಿದ. ಅವನ ಮೂಗಿನ ಹೊಳ್ಳೆ ಅಗಲವಾಯಿತು.

"ಭಾವ, ಇದು ಯಾವ ಸೋಪು?"

ನೊರೆರಾಯರು ಮಾವನನ್ನು ನೋಡಿದರು. ಮಾವ ಕಿಟಕಿ ನೋಡುತ್ತಿದ್ದರು.

"ಹೇಳೋ ಹಾಗಿಲ್ಲ," ಅಂದರು ನೊರೆರಾಯರು.

ಭಾವಮೈದುನ ಬ್ಯಾಗು ಕೆಳಗಿಟ್ಟ. ಅಪ್ಪನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತ. ಬಹಳ ಹೊತ್ತು ಕೂತ. ಏಳುವಾಗ ಕೇಳಿದ, "ಏನಪ್ಪಾ, ಹೊರಡೋಣವಾ?"

"ನಾಳೆ ಗಡ್ಡದ ದಿನ ನನಗೆ," ಅಂದರು ಮಾವ. "ಆಗೋದಿಲ್ಲ."

"ನಾಳಿದ್ದು?"

"ದಿನ ಬಿಟ್ಟು ದಿನ ಇದೆಯಪ್ಪ."

ಭಾವಮೈದುನ ಖಾಲಿ ಬ್ಯಾಗನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಹೊರಟ. ಬಾಗಿಲಲ್ಲಿ ಭಾವನ ಕಡೆ ತಿರುಗಿ, "ಉಪ್ಪಿನ ನೀರಲ್ಲಿ ಆ ಗಾಯ ಒರೆಸಿ," ಅಂದ, ಬೇರೆ ಹೇಳಲು ಏನೂ ತೋಚದೆ. ಕಾರಿನ ಸದ್ದು ಬೀದಿಯ ತಿರುವಿನವರೆಗೆ ಕೇಳಿಸಿತು. ಆಮೇಲೆ ಬೆತ್ತದ ಕುರ್ಚಿ ಕಿರ್ ಅಂದಿತು.

ನೊರೆರಾಯರು ಎದ್ದು ಚಹಾ ಮಾಡಿದರು. ಮಾವನಿಗೆ ಅವರ ಲೋಟದಲ್ಲಿ ಕೊಟ್ಟು, ತಮಗೆ ಅಂಚು ಸೊಟ್ಟಗಾದದ್ದನ್ನೇ ಮೂರು ಸಲ ತೊಳೆದು ಸುರಿದುಕೊಂಡರು.

ಮಾವ ನೋಡಿದರು. "ಅಳಿಯಂದಿರೇ, ಬೇರೆ ಲೋಟ ಇಲ್ವಾ ಮನೇಲಿ?"

"ಹನ್ನೊಂದಿದೆ ಮಾವ," ಅಂದರು ನೊರೆರಾಯರು, ಮತ್ತು ಕುಡಿದರು. ವಾಸನೆ ಇತ್ತು.